ಫ್ರೀರೆಗ್: ಇಂಗ್ಲೆಂಡಿನ ಹಳ್ಳಿ ಚರ್ಚಿನ ಹಳೇ ಲೆಕ್ಕ, ಬಿಟ್ಟಿಯಾಗಿ

ನಾವಿರೋದು ಇಂಗ್ಲೆಂಡಿನ ನಾರ್ಫೋಕ್ ಅನ್ನೋ ಕೌಂಟೀಲಿ (ನಮ್ಮ ಜಿಲ್ಲೆ ಥರ), ಒಂದು ಸಣ್ಣ ಹಳ್ಳೀಲಿ. ಪಕ್ಕದ್ಮನೆ ಅಜ್ಜಿಗೆ ಅವರ ವಂಶಾವಳಿ ಹುಡುಕಿಕೊಡೋಣ ಅಂತ ಫ್ರೀರೆಗ್ ಸೈಟ್ ಓಪನ್ ಮಾಡಿದ್ದು, ಅಜ್ಜಿ ಕೆಲಸ ಎಂದೋ ಮುಗೀತು, ನನ್ನ ಚಟ ಮಾತ್ರ ಹಾಗೇ ಇದೆ. ವಾಲಂಟಿಯರ್‌ಗಳು ಹಳೇ ಪ್ಯಾರಿಷ್ ರಿಜಿಸ್ಟರ್ (ಊರಿನ ಚರ್ಚಿನ ದಾಖಲೆ ಪುಸ್ತಕ) ಓದಿ ಟೈಪ್ ಮಾಡಿ ಹಾಕ್ತಾರೆ, ಬ್ಯಾಪ್ಟಿಸಂ (ಚರ್ಚಲ್ಲಿ ಮಾಡೋ ದೀಕ್ಷಾಸ್ನಾನ), ಮದುವೆ, ಮಣ್ಣು ಮಾಡಿದ್ದು ಮೂರೂ ಸಿಗುತ್ತೆ, ಲಾಗಿನ್ ಬೇಡ, ದುಡ್ಡೂ ಬೇಡ. ಒಂದು ಪೇಯ್ಡ್ ಸೈಟು ಟ್ರಯಲ್ ಮುಗಿದಿದ್ದೇ ತಡ ಇಡೀ ವರ್ಷದ ದುಡ್ಡು ಕಿತ್ಕೊಂಡಿತ್ತು, ಅದರ ಮುಂದೆ ಇದು ದೇವರಂಥದ್ದು.

1837ರ ಜುಲೈನಲ್ಲಿ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ ಶುರುವಾಗೋ ತನಕ ಇಲ್ಲಿ ಕೂಲಿನಾಲಿ ಮಾಡ್ಕೊಂಡಿದ್ದೋರ ಹೆಸರು ಸಿಗೋದೇ ಹೆಚ್ಚಾಗಿ ಚರ್ಚ್ ಪುಸ್ತಕದಲ್ಲಿ. ಈ ಪುಸ್ತಕ ಇಡಬೇಕು ಅಂತ ಆರ್ಡರ್ ಆಗಿದ್ದು 1538ರಲ್ಲಿ, ಆದ್ರೆ ಅಷ್ಟು ಹಳೇದು ಎಲ್ಲಾ ಊರಲ್ಲೂ ಉಳಿದಿಲ್ಲ. 1813ರಿಂದ ಬ್ಯಾಪ್ಟಿಸಂಗೂ ಮಣ್ಣು ಮಾಡಿದ್ದಕ್ಕೂ ಪ್ರಿಂಟೆಡ್ ಫಾರಂ ಬಂತು, ಬ್ಯಾಪ್ಟಿಸಂಗೆ ಅಪ್ಪನ ಕಸುಬಿಗೂ ಒಂದು ಕಾಲಂ ಇದೆ. ಅದಕ್ಕೂ ಹಿಂದಿಂದು ಪಾದ್ರಿ ಮರ್ಜಿ, ಬರೆದ್ರೆ ಬರೆದ ಇಲ್ಲಾಂದ್ರೆ ಇಲ್ಲ.

ಡೇಟ್ ನೋಡುವಾಗ ಹುಷಾರು. 1752ಕ್ಕೆ ಮುಂಚೆ ಇವರ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ ರಿಜಿಸ್ಟರಲ್ಲಿ ಮೇ 1721ಕ್ಕೆ ಮದುವೆ, ಫೆಬ್ರವರಿ 1721ಕ್ಕೆ ಮಗು ಅಂತ ಇದ್ರೆ ಹುಬ್ಬೇರಿಸ್ಬೇಡಿ, ಲೆಕ್ಕ ಸರಿಯಾಗೇ ಇದೆ, ನಮ್ಮ ಲೆಕ್ಕಕ್ಕೆ ಆ ಫೆಬ್ರವರಿ 1722. ಇನ್ನೊಂದು ತಮಾಷೆ, 1783ರಿಂದ 1794ರವರೆಗೆ ಒಂದೊಂದು ಎಂಟ್ರಿಗೂ ಮೂರು ಪೆನ್ನಿ ಟ್ಯಾಕ್ಸ್ ಇತ್ತು, ಬಡವರಿಗೆ ಮಾಫಿ. ಹೆಸರಿನ ಪಕ್ಕ ಬರೀ ‘ಪಿ’ ಅಂತ ಇದ್ರೆ ಅದು ಪಾಪರ್, ಅಂದ್ರೆ ಗತಿಯಿಲ್ಲದವರು. ನಿಜವಾಗ್ಲೂ ಗತಿ ಇರಲಿಲ್ವೋ ಪಾದ್ರಿನೇ ಕನಿಕರಪಟ್ನೋ ಯಾರಿಗ್ಗೊತ್ತು!

ಬೇಜಾರಿನ ವಿಷ್ಯ ಅಂದ್ರೆ ಇಲ್ಲಿರೋದು ಟೈಪ್ ಮಾಡಿದ ಮಾಹಿತಿ, ಪುಟದ ಫೋಟೋ ಅಲ್ಲ. ಒರಿಜಿನಲ್ ನೋಡ್ಬೇಕಂದ್ರೆ ಕೌಂಟಿ ರೆಕಾರ್ಡ್ ಆಫೀಸಿಗೇ ಹೋಗ್ಬೇಕು ಅಥವಾ ಬೇರೆ ಸೈಟಲ್ಲಿ ಸ್ಕ್ಯಾನ್ ಇದ್ಯಾ ನೋಡ್ಬೇಕು, ನಾನಂತೂ ಒರಿಜಿನಲ್ ನೋಡದೆ ಯಾರನ್ನೂ ವಂಶವೃಕ್ಷಕ್ಕೆ ಸೇರಿಸಲ್ಲ. ಕವರೇಜೂ ಎಲ್ಲಾ ಕಡೆ ಒಂದೇ ಥರ ಇಲ್ಲ, ನಮ್ಮ ನಾರ್ಫೋಕ್ ಪರವಾಗಿಲ್ಲ, ಕೆಲವು ಕೌಂಟೀಲಿ ಖಾಲಿ ಖಾಲಿ. ಹೆಸರು ಹುಡುಕೋಕೆ ಮುಂಚೆ ಆ ಊರಿನ ಯಾವ್ಯಾವ ವರ್ಷ ಟೈಪ್ ಆಗಿದೆ ಅಂತ ನೋಡ್ಕೊಳ್ಳಿ, ಇಲ್ಲಾಂದ್ರೆ ಆ ಮನುಷ್ಯ ಹುಟ್ಟೇ ಇಲ್ಲ ಅನ್ಕೋತೀರ.

ಬೆಂಗಳೂರು ದಂಡಲ್ಲೋ ಬಳ್ಳಾರಿಲೋ ಬ್ರಿಟಿಷ್ ಸೋಲ್ಜರ್ ಆಗಿದ್ದೋರ ಜಾಡು ಹುಡುಕ್ತಾ ಇದ್ರೆ ಅದಕ್ಕೆ ಫಿಬಿಸ್ ಅಂತ, ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ದಾಖಲೆಗೇ ಬೇರೆ ಸೈಟ್ ಇದೆ, ಅದ್ರಲ್ಲೂ ಡೇಟಾಬೇಸ್ ಸರ್ಚ್ ಫ್ರೀ. ಫ್ರೀರೆಗ್‌ಗೆ ಐದಕ್ಕೆ ನಾಲ್ಕು ಸ್ಟಾರ್, ಫೋಟೋ ಇಲ್ಲದ್ದಕ್ಕೆ ಒಂದು ಕಟ್.