ಅಕೌಂಟ್ಸ್ ಆಫೀಸಿನಲ್ಲಿ ಮೂರು ವಾರ: ಐದಕ್ಕೆ ನಾಲ್ಕು

ನಮ್ಮ ಕೋರ್ಸಿನಲ್ಲಿ ಮೂರು ವಾರದ ಇಂಟರ್ನ್‌ಶಿಪ್ ಕಡ್ಡಾಯ. ನಾನು ಹೋಗಿದ್ದು ಹದಿನೈದು ಜನ ಕೆಲಸ ಮಾಡುವ ಒಂದು ಅಕೌಂಟ್ಸ್ ಆಫೀಸಿಗೆ. ಬೇರೆಯವರ ಲೆಕ್ಕ ಬರೆದುಕೊಡುವುದು, ತೆರಿಗೆ ಫಾರಂ ತುಂಬುವುದು ಅಲ್ಲಿನ ಕೆಲಸ. ದೂರುಗಳೂ ಇರುವುದರಿಂದ ಆಫೀಸಿನ ಹೆಸರು ಬರೆಯುವುದಿಲ್ಲ. ಇಂಥ ಕಡೆ ಹೋಗಲಿರುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಾಲ್ಕು ದಿನ ನಿಜಕ್ಕೂ ಬೇಜಾರಾಯಿತು. ನಾನು ಬರುವ ವಿಷಯ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಕಂಪ್ಯೂಟರಿಗೆ ಪಾಸ್‌ವರ್ಡ್ ಸಿಕ್ಕಿದ್ದು ಐದನೇ ದಿನ. ಅಲ್ಲಿಯವರೆಗೆ ಪ್ರಿಂಟರ್ ಪಕ್ಕದ ಕುರ್ಚಿ, ಜೆರಾಕ್ಸ್, ಬಿಲ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಫೈಲಿಗೆ ಹಾಕುವುದು, ಇಷ್ಟೇ. ಬಿಲ್ ಜೋಡಿಸುವುದು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ನೂರಾರು ಬಿಲ್ ಕೈಯಲ್ಲಿ ಹಾದುಹೋದ ಮೇಲೆ ಯಾವುದರಲ್ಲಿ ಸಹಿ ಇಲ್ಲ, ಯಾವುದರಲ್ಲಿ ತಾರೀಖು ತಿದ್ದಿದ್ದಾರೆ ಅನ್ನುವುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಆದರೆ ಇದನ್ನೆಲ್ಲ ಯಾಕೆ ಮಾಡಬೇಕು ಅಂತ ಮೊದಲ ದಿನ ಯಾರಾದರೂ ಕೂರಿಸಿಕೊಂಡು ಐದು ನಿಮಿಷ ಹೇಳಬಹುದಿತ್ತು, ಅಲ್ವಾ? ಒಂದು ಅಂಕ ಕಡಿಮೆ ಕೊಟ್ಟಿದ್ದು ಇದಕ್ಕೇ.

ಐದನೇ ದಿನ ಸೀನಿಯರ್ ಮೇಡಂ ಒಬ್ಬರು ಒಂದು ಕ್ಯಾಶ್ ಬುಕ್ಕು, ಒಂದು ಬ್ಯಾಂಕ್ ಸ್ಟೇಟ್‌ಮೆಂಟು ತಂದು ಮುಂದಿಟ್ಟರು. "ಬಿಆರ್‌ಎಸ್ ಮಾಡು, ಟ್ಯಾಲಿ ಆದ ಮೇಲೆ ಕರಿ" ಅಂದರು. ನಮ್ಮ ಪುಸ್ತಕದ ಬಾಕಿಯನ್ನೂ ಬ್ಯಾಂಕಿನ ಬಾಕಿಯನ್ನೂ ತಾಳೆ ನೋಡುವ ಕೆಲಸ ಅದು. ಕ್ಲಾಸಿನಲ್ಲಿ ಹತ್ತಾರು ಸಲ ಮಾಡಿದ್ದೆ. ಆದರೆ ಕ್ಲಾಸಿನಲ್ಲಿ ವ್ಯತ್ಯಾಸಕ್ಕೆ ಕಾರಣ ಏನೇನು ಅಂತ ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಇಲ್ಲಿ ನಾವೇ ಹುಡುಕಬೇಕು.

ಎರಡು ಚೆಕ್ ಕೊಟ್ಟಾಗಿತ್ತು, ತೆಗೆದುಕೊಂಡವರು ಇನ್ನೂ ಬ್ಯಾಂಕಿಗೆ ಹಾಕಿರಲಿಲ್ಲ. ಬ್ಯಾಂಕಿನವರು ಹಿಡಿದುಕೊಂಡ ಒಂದು ಚಾರ್ಜು ನಮ್ಮ ಪುಸ್ತಕಕ್ಕೆ ಬಂದಿರಲಿಲ್ಲ. ಇಷ್ಟನ್ನು ಸರಿಮಾಡಿದರೂ 540 ಹಾಗೇ ಉಳಿಯಿತು. 540ರ ಎಂಟ್ರಿ ಏನಾದರೂ ಬಿಟ್ಟುಹೋಗಿದೆಯಾ ಅಂತ ನೋಡಿದೆ. ಇಲ್ಲ. ಜಮಾ ಆಗಬೇಕಾದದ್ದು ಖರ್ಚಿನ ಕಡೆ ಬಿದ್ದರೆ ವ್ಯತ್ಯಾಸ ಎರಡರಷ್ಟಾಗುತ್ತದೆ, ಅದಕ್ಕೆ 270 ಹುಡುಕಿದೆ. ಅದೂ ಇಲ್ಲ. ಮಧ್ಯಾಹ್ನ ಮೂರು ಗಂಟೆಯಾಯಿತು.

ಮೇಡಂ ಬಂದು ನೋಡಿದರು. ಉತ್ತರ ಹೇಳಲಿಲ್ಲ. "ಒಂಬತ್ತರಿಂದ ಭಾಗಿಸು" ಅಂದರು, ಅಷ್ಟೇ. 60 ಬಂತು, ಶೇಷ ಉಳಿಯಲಿಲ್ಲ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದಂತೆ. 93 ಬರೆಯುವ ಕಡೆ 39 ಬರೆದರೆ ವ್ಯತ್ಯಾಸ 54. ಒಂಬತ್ತಾರಲೆ ಐವತ್ತನಾಲ್ಕು. ಅಲ್ಲಿನ 6 ಅಂದರೆ 9 ಮತ್ತು 3ರ ಅಂತರ. ನಮಗೆ ಬಂದಿದ್ದು ಅದರ ಹತ್ತರಷ್ಟು, 60. ಹಾಗಾದರೆ ತಿರುವುಮುರುವಾಗಿರುವುದು ಹತ್ತರ ಸ್ಥಾನ, ನೂರರ ಸ್ಥಾನದ ಅಂಕಿಗಳು. ಅವೆರಡರ ನಡುವೆ ಇರುವ ಅಂತರ 6. ಹುಡುಕುವ ಕೆಲಸ ಎಷ್ಟು ಕಮ್ಮಿ ಆಯಿತು ನೋಡಿ: 0 ಮತ್ತು 6, 1 ಮತ್ತು 7, 2 ಮತ್ತು 8, 3 ಮತ್ತು 9. ನಾಲ್ಕೇ ಜೋಡಿ. ಎರಡನೇ ಹಾಳೆಯಲ್ಲಿ ಸಿಕ್ಕೇಬಿಟ್ಟಿತು. ಬ್ಯಾಂಕಿನಲ್ಲಿ 8,390, ನಮ್ಮಲ್ಲಿ 8,930. ಬೆಳಗ್ಗೆಯಿಂದ ಆ ಸಾಲಿಗೆ ಎರಡು ಸಲ ಟಿಕ್ ಹಾಕಿದ್ದೆ. ಅದೇ ನಾಲ್ಕು ಅಂಕಿ ಕಂಡ ಕೂಡಲೇ ಸರಿ ಇದೆ ಅಂತ ಕಣ್ಣು ಮುಂದೆ ಹೋಗಿತ್ತು.

ಒಂದು ಮಾತು ಸೇರಿಸುತ್ತೇನೆ. ಒಂಬತ್ತರ ಈ ಲೆಕ್ಕ ಸುಳಿವು ಮಾತ್ರ. ಸೊನ್ನೆ ಜಾಸ್ತಿ ಬಿದ್ದು 50 ಹೋಗಿ 500 ಆದರೂ ವ್ಯತ್ಯಾಸ 450, ಅದೂ ಒಂಬತ್ತರಿಂದ ಭಾಗವಾಗುತ್ತದೆ.

ಹೊಸಬಳಾದ ನನಗೆ ಈ ಕೆಲಸ ಯಾಕೆ ಕೊಟ್ಟಿರಿ ಅಂತ ಆಮೇಲೆ ಕೇಳಿದೆ. ಚೆಕ್ ಬರೆಯುವವರು, ಕ್ಯಾಶ್ ಬುಕ್ ಬರೆಯುವವರು ಇದನ್ನು ಮಾಡಬಾರದು, ಬೇರೆ ಕೈ ಬೇಕು ಅಂದರು. ಒಬ್ಬರೇ ಎಲ್ಲ ಮಾಡಿದರೆ ತಪ್ಪೂ ಕಾಣುವುದಿಲ್ಲ, ಮೋಸ ನಡೆದರೂ ಕಾಣುವುದಿಲ್ಲ. ಅಂದರೆ ನನ್ನನ್ನು ಸುಮ್ನೆ ಹೊತ್ತು ಕಳೆಯಲು ಕೂರಿಸಿರಲಿಲ್ಲ. ಹಾಳೆಯ ಕೆಳಗೆ "ತಯಾರಿಸಿದವರು" ಅನ್ನುವ ಕಡೆ ನನ್ನ ಸಹಿ ಹಾಕಿಸಿದರು, "ಪರಿಶೀಲಿಸಿದವರು" ಅನ್ನುವ ಕಡೆ ಅವರು ಹಾಕಿದರು. ಆ ದಿನ ಮನೆಗೆ ಹೋಗುವಾಗ ನನಗಾದ ಖುಷಿ ದೊಡ್ಡದು.

ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಬೇಕು ಅನ್ನುವ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಪುಸ್ತಕದಲ್ಲೇ ವಿವರಿಸಿದ್ದ ಅಂತ ಪರೀಕ್ಷೆಗೆ ಓದಿದ್ದೆ. ಎರಡೂ ಕಡೆ ಸಮ ಬಂದರೆ ಲೆಕ್ಕ ಸರಿ ಅಂತಲೇ ನಂಬಿದ್ದೆ. ಎರಡನೇ ವಾರ ಆ ನಂಬಿಕೆ ಹೋಯಿತು. ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳ ಪಟ್ಟಿ, ಚೆನ್ನಾಗಿ ಟ್ಯಾಲಿ ಆಗಿತ್ತು, ಆದರೆ ಯಂತ್ರದ ರಿಪೇರಿ ಬಿಲ್ಲನ್ನು ರಿಪೇರಿ ಖರ್ಚಿಗೆ ಹಾಕದೆ ಯಂತ್ರದ ಖಾತೆಗೇ ಹಾಕಿದ್ದರು. ಎರಡೂ ಡೆಬಿಟ್ಟೇ ಆದ್ದರಿಂದ ಮೊತ್ತ ಕೆಡುವುದಿಲ್ಲ. ಖರ್ಚು ಕಮ್ಮಿ ಕಾಣುವುದರಿಂದ ಲಾಭ ಮಾತ್ರ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಅದನ್ನು ಹಿಡಿದಿದ್ದು ಬಿಲ್ಲನ್ನು ಬಿಡಿಸಿ ಓದಿದ್ದರಿಂದ. ಮೊದಲ ವಾರ ನಾನೇ ಫೈಲಿಗೆ ಹಾಕಿದ್ದ ಬಿಲ್ಲು ಅದು.

ಮೂರನೇ ವಾರ ತಿಂಗಳ ಕೊನೆ ಬಂತು. ಎಲ್ಲರೂ ಓಡಾಡುತ್ತಿದ್ದರು, ನನಗೂ ಕೈತುಂಬ ಕೆಲಸ. ಸರ್ಟಿಫಿಕೇಟಿಗೆ ಮಾತ್ರ ಮೂರು ಸಲ ನೆನಪಿಸಬೇಕಾಯಿತು. ನನ್ನ ಕೆಲಸ ಹೇಗಿತ್ತು ಅಂತ ಬರೆದುಕೊಡುವ ಹಾಳೆಯನ್ನೂ ನಾನೇ ಕೇಳಿ ತುಂಬಿಸಿಕೊಂಡೆ.

ಹೋಗುವವರು ತಿಂಗಳ ಕೊನೆ ನಿಮ್ಮ ಇಂಟರ್ನ್‌ಶಿಪ್ ನಡುವೆ ಬರುವ ಹಾಗೆ ದಿನ ನೋಡಿಕೊಳ್ಳಿ. ನೀವು ಮಾಡಿದ ಕೆಲಸವನ್ನು ಯಾರು ಪರಿಶೀಲಿಸುತ್ತಾರೆ, ಪಾಸ್‌ವರ್ಡ್ ಯಾವ ದಿನ ಸಿಗುತ್ತದೆ, ಈ ಎರಡನ್ನು ಸೇರುವ ಮುಂಚೆಯೇ ಕೇಳಿ.