ಪೆಟ್ಟಿಗೆ, ಸ್ಲೇಟು, ಬಾಯಿ: ಒಂದು ಟರ್ಕಿ ಹುಂಜ, ಮೂರು ಕರೆಗಳು

ಪೆನ್ಸಿಲ್ವೇನಿಯಾದಲ್ಲಿ ವಸಂತಕಾಲದ ಕಾಡು ಟರ್ಕಿ ಬೇಟೆಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹಕ್ಕಿಯನ್ನು ಕೂಗಿ ಕರೆಸಿಕೊಳ್ಳಬೇಕೇ ಹೊರತು ಹಿಂಬಾಲಿಸಿ ಹೋಗಿ ಹೊಡೆಯುವಂತಿಲ್ಲ. ಹೊಡೆಯುವುದೂ ಎದೆಯಿಂದ ಕೂದಲಿನಂಥ ‘ಗಡ್ಡ’ ಇಳಿಬಿದ್ದಿರುವ ಹಕ್ಕಿಯನ್ನು ಮಾತ್ರ. ಆದ್ದರಿಂದ ಇಲ್ಲಿಯ ಬೇಟೆಗಾರರ ಮಾತುಕತೆಯಲ್ಲಿ ಕೋವಿಗಿಂತ ಹೆಚ್ಚಾಗಿ ಕೇಳಿಬರುವುದು ಹೇಂಟೆಯ ದನಿ ಹೊರಡಿಸುವ ಸಾಧನಗಳ ವಿಚಾರ. ಬಾಕ್ಸ್ ಕಾಲ್, ಸ್ಲೇಟ್ ಕಾಲ್, ಮೌತ್ ಕಾಲ್ ಎಂಬ ಮೂರನ್ನೂ ನಾನು ಮೂರು ವಸಂತಗಳ ಕಾಲ ಬಳಸಿ ನೋಡಿದ್ದೇನೆ. ಮೂರನೆಯ ವರ್ಷ ಮೇ ತಿಂಗಳ ಒಂದು ಮುಂಜಾನೆ ಒಂದೇ ಹುಂಜದ ಮೇಲೆ ಮೂರನ್ನೂ ಪ್ರಯೋಗಿಸುವ ಅವಕಾಶ ಒದಗಿದ್ದರಿಂದ ಈ ಹೋಲಿಕೆಗೆ ಆ ದಿನವನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಮೊದಲಿಗೆ ಒಂದು ತೊಡಕನ್ನು ಹೇಳಬೇಕು. ಸಹಜವಾಗಿ ಹುಂಜ ಕೂಗುತ್ತದೆ, ಹೇಂಟೆ ಅದರತ್ತ ನಡೆದು ಹೋಗುತ್ತದೆ. ನಾವು ಮಾಡುವುದು ಅದರ ತಿರುವುಮುರುವು. ಅದಕ್ಕಾಗಿಯೇ ಎಷ್ಟೋ ಹುಂಜಗಳು ಅರುವತ್ತು ಎಪ್ಪತ್ತು ಗಜ ದೂರಕ್ಕೆ ಬಂದು, ಇನ್ನು ನೀನೇ ಬಾ ಎಂಬಂತೆ ಅಲ್ಲಿಯೇ ಗರಿ ಬಿಚ್ಚಿಕೊಂಡು ನಿಂತುಬಿಡುತ್ತವೆ. ಕೋವಿಯ ಭರವಸೆಯ ದೂರ ನಲವತ್ತು ಗಜ ಮಾತ್ರ. ಯಾವ ಸಾಧನದ ನಿಜವಾದ ಪರೀಕ್ಷೆಯೂ ನಡೆಯುವುದು ನಡುವಿನ ಆ ಇಪ್ಪತ್ತು ಮೂವತ್ತು ಗಜಗಳಲ್ಲಿ.

ಆ ದಿನ ಬೆಳಗಿನ ಜಾವ ಗೂಬೆಯಂತೆ ಒಮ್ಮೆ ಕೂಗಿದ್ದಕ್ಕೆ ದಿಬ್ಬದ ಆಚೆ ಓಕ್ ಮರದ ಮೇಲೆ ರಾತ್ರಿ ಕಳೆದಿದ್ದ ಹುಂಜವೊಂದು ಬೆಚ್ಚಿದಂತೆ ಉತ್ತರ ಕೊಟ್ಟಿತು. ಅದು ನೆಲಕ್ಕಿಳಿದ ಸದ್ದಾದ ಮೇಲೆ ಬಾಕ್ಸ್ ಕಾಲ್ ತೆಗೆದೆ. ಇದು ಸೀಡರಿನಂಥ ಮರದ ಕಿರಿದಾದ ಪೆಟ್ಟಿಗೆ. ಸೀಮೆಸುಣ್ಣ ಬಳಿದ ಮುಚ್ಚಳವನ್ನು ಅದರ ತೆಳುವಾದ ಅಂಚಿಗೆ ಉಜ್ಜಿದರೆ ಹೇಂಟೆಯ ಕೂಗು ಹೊರಡುತ್ತದೆ. ಅರ್ಕನ್ಸಾದ ಹೆನ್ರಿ ಗಿಬ್ಸನ್ 1897ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಹೆಚ್ಚು ಕಡಿಮೆ ಹಾಗೆಯೇ ಉಳಿದಿದೆ. ಗಾಳಿ ಬೀಸುತ್ತಿದ್ದರೂ ದಿಬ್ಬ ದಾಟುವಷ್ಟು ದೊಡ್ಡ ದನಿ ಇದೊಂದಕ್ಕೇ ಇದೆ, ಹತ್ತು ನಿಮಿಷದಲ್ಲಿ ಕಲಿಯಲೂಬಹುದು. ಆದರೆ ಎರಡೂ ಕೈಗಳು ಬೇಕು. ತುಂತುರು ಬಿದ್ದರೆ ಸುಣ್ಣ ಒದ್ದೆಯಾಗಿ ದನಿ ಸತ್ತುಹೋಗುತ್ತದೆ. ಚೀಲದಲ್ಲಿಡುವಾಗ ರಬ್ಬರ್ ಬ್ಯಾಂಡ್ ಹಾಕದಿದ್ದರೆ ನಡೆಯುವಾಗಲೆಲ್ಲ ಕಿರುಗುಟ್ಟುತ್ತದೆ. ಮೊದಲ ವರ್ಷ ಮೂವತ್ತು ಗಜಕ್ಕೆ ಬಂದಿದ್ದ ಹುಂಜವೊಂದು, ನಾನು ಪೆಟ್ಟಿಗೆಯನ್ನು ಮಡಿಲಿನಿಂದ ನೆಲಕ್ಕೆ ಇಳಿಸುವುದನ್ನು ಕಂಡು ‘ಪುಟ್’ ಎಂದು ಒಮ್ಮೆ ಎಚ್ಚರಿಕೆಯ ದನಿ ಹೊರಡಿಸಿ ಮಾಯವಾಗಿತ್ತು. ಈ ಬಾರಿ ದೂರದಿಂದ ಎರಡು ಸಲ ಕರೆದು, ಹುಂಜ ಹತ್ತಿರವಾಗುತ್ತಿದೆ ಎಂದು ಖಚಿತವಾದೊಡನೆ ಪೆಟ್ಟಿಗೆಯನ್ನು ಬದಿಗಿಟ್ಟೆ.

ಸ್ಲೇಟ್ ಕಾಲ್ ಕನ್ನಡ ಶಾಲೆಯಲ್ಲಿ ಓದಿದವರಿಗೆ ಹೊಸದೆನಿಸಲಾರದು. ಅಂಗೈಯಗಲದ ಬಟ್ಟಲಿನ ಬಾಯಿಗೆ ಕೂರಿಸಿದ ಸ್ಲೇಟು, ಅದರ ಮೇಲೆ ಆಡಿಸಲು ಬಳಪದಂತೆ ಹಿಡಿಯುವ ಮರದ ಕಡ್ಡಿ, ಇಷ್ಟೇ ಸಾಮಗ್ರಿ. ಬಳಪ ಓರೆಯಾಗಿ ಕಚ್ಚಿಕೊಂಡಾಗ ಇಡೀ ತರಗತಿಯೇ ಹಲ್ಲು ಕಚ್ಚುವಂತೆ ಮಾಡುತ್ತಿದ್ದ ಕೀರಲು ದನಿಯನ್ನು ಹದಕ್ಕೆ ತಂದರೆ ಅದೇ ಹೇಂಟೆಯ ಕೂಗು. ಕಡ್ಡಿಯ ತುದಿಯನ್ನು ಎತ್ತದೆ ಪುಟ್ಟ ಸುತ್ತುಗಳನ್ನು ಎಳೆಯಬೇಕು. ಒತ್ತಡ ಇಳಿಸಿ ನಿಧಾನವಾಗಿ ಎಳೆದರೆ, ಮೇಯುತ್ತಿರುವ ಹೇಂಟೆ ತನ್ನಷ್ಟಕ್ಕೆ ಗುರುಗುಟ್ಟುವ ಮೆಲುದನಿ ಬರುತ್ತದೆ. ಬಾಕ್ಸ್ ಕಾಲ್ ಎಷ್ಟು ತಿಣುಕಿದರೂ ಈ ಮೆಲುದನಿಯನ್ನು ಇಷ್ಟು ನಂಬಿಕೆ ಹುಟ್ಟಿಸುವಂತೆ ಕೊಡಲಾರದು. ಆಗಾಗ ಸ್ಲೇಟಿನ ಮೇಲ್ಮೈಯನ್ನು ಉಜ್ಜಿ ಒರಟು ಮಾಡಿಕೊಳ್ಳಬೇಕು, ಬೆರಳಿನ ಜಿಡ್ಡು ತಾಗಬಾರದು. ಮಳೆಗೆ ಇದೂ ಅಂಜುತ್ತದೆ. ಗಾಜಿನ ಮೇಲ್ಮೈ ಮತ್ತು ಪ್ಲಾಸ್ಟಿಕ್ ಕಡ್ಡಿಯ ಜೋಡಿ ಆಗ ನೆರವಿಗೆ ಬರುತ್ತದೆಯಾದರೂ ಅದರ ದನಿ ನನ್ನ ಕಿವಿಗೆ ತುಸು ಕರ್ಕಶ.

ನಿರೀಕ್ಷಿಸಿದ್ದಂತೆ ಹುಂಜ ಸುಮಾರು ಅರುವತ್ತು ಗಜದಲ್ಲಿ ನಿಂತುಬಿಟ್ಟಿತು. ನಾನು ದೀಹದ ಹಕ್ಕಿಯಾಗಿ ಪ್ಲಾಸ್ಟಿಕ್ ಹೇಂಟೆಯನ್ನು ಇಟ್ಟಿರಲಿಲ್ಲ. ಇಪ್ಪತ್ತು ನಿಮಿಷ ಅದು ಗರಿ ಬಿಚ್ಚಿ ಆಚೀಚೆ ನಡೆಯುತ್ತಿದ್ದಾಗ ಅದರ ತಲೆ ಕೆಂಪಾಗಿ, ಬಿಳುಪಾಗಿ, ನೀಲಿಯಾಗಿ ಬದಲಾಗುವುದನ್ನು ನೋಡಿದೆ. 1612ರಲ್ಲಿ ಗೋವಾದಿಂದ ತರಿಸಿದ ಟರ್ಕಿಯನ್ನು ಕಂಡ ಜಹಾಂಗೀರ್ ಬಾದಶಹ ಇದೇ ಬಣ್ಣಗಳ ಆಟವನ್ನು ಊಸರವಳ್ಳಿಗೆ ಹೋಲಿಸಿದ್ದ. ನಾನು ಸ್ಲೇಟಿನ ಮೇಲೆ ಎರಡು ಸಲ ಗುರುಗುಟ್ಟಿಸಿ, ಬೂಟಿನ ಹಿಮ್ಮಡಿಯಿಂದ ತರಗೆಲೆ ಕೆದಕಿ ಸುಮ್ಮನಾದೆ. ಹುಂಜ ಗರಿ ಮುಚ್ಚಿಕೊಂಡು ನೇರವಾಗಿ ನನ್ನತ್ತ ನಡೆಯತೊಡಗಿತು.

ಮೌತ್ ಕಾಲ್ ಕೆಲಸಕ್ಕೆ ಬಂದದ್ದು ಆಮೇಲೆ. ಕುದುರೆ ಲಾಳದಾಕಾರದ ಚೌಕಟ್ಟಿಗೆ ಬಿಗಿದ ತೆಳು ಲೇಟೆಕ್ಸ್ ಪೊರೆಯನ್ನು ಅಂಗುಳಕ್ಕೆ ಒತ್ತಿ ನಾಲಿಗೆಯ ಮೇಲಿಂದ ಉಸಿರು ಬಿಡಬೇಕು. ಮೊದಲ ವಾರವಿಡೀ ನನಗೆ ಬಂದದ್ದು ವಾಕರಿಕೆ ಮಾತ್ರ. ಕಾರಿನಲ್ಲಿ ಒಬ್ಬನೇ ಹೋಗುವಾಗ ಅಭ್ಯಾಸ ಮಾಡಿ ತಕ್ಕಮಟ್ಟಿನ ಕೂಗು ಹೊರಡಿಸಲು ಎರಡು ತಿಂಗಳು ಹಿಡಿಯಿತು. ಇಂದಿಗೂ ನನ್ನ ಬಾಯಿಯ ದನಿ ಸ್ಲೇಟಿನ ದನಿಗೆ ಸಾಟಿಯಲ್ಲ. ಆದರೆ ಮೂವತ್ತೈದು ಗಜದಲ್ಲಿ ಹುಂಜ ಮರದ ಮರೆಗೆ ಹೋಗಿ ಬಂದಾಗ ನನ್ನ ಎರಡೂ ಕೈಗಳು ಕೋವಿಯ ಮೇಲಿದ್ದವು. ಬಾಯಿಯಿಂದ ಒಮ್ಮೆ ‘ಕ್ಲಕ್’ ಎಂದೆ. ಅದು ಕತ್ತು ನೀಳಮಾಡಿ ನಿಂತಿತು, ಈಡು ತಪ್ಪಲಿಲ್ಲ.

ಒಂದನ್ನೇ ಕೊಳ್ಳುವವರಿಗೆ ನಾನು ಸ್ಲೇಟನ್ನು ಹೇಳುತ್ತೇನೆ. ಬೆಟ್ಟ ಗಾಳಿಗಳ ಕಡೆಯವರು ಪೆಟ್ಟಿಗೆಯನ್ನೂ ಇಟ್ಟುಕೊಳ್ಳಲಿ. ಮೌತ್ ಕಾಲ್ ಅಗ್ಗವಾದರೂ ಲೇಟೆಕ್ಸ್ ಬೇಗ ಹಾಳಾಗುವುದರಿಂದ ಫ್ರಿಜ್‌ನಲ್ಲಿಡಬೇಕಾಗುತ್ತದೆ; ನಮ್ಮ ಮನೆಯಲ್ಲಿ ಅದಕ್ಕೆ ಜಾಗ ಸಿಕ್ಕಿರುವುದು ಹೆಪ್ಪು ಹಾಕಿದ ಮೊಸರಿನಿಂದ ಆದಷ್ಟು ದೂರದ, ತೀರಾ ಕೆಳಗಿನ ಅರೆಯಲ್ಲಿ.