ಮೂಡಲ್ ಕ್ವಿಜ್ ವಿಮರ್ಶೆ: ಸಾಧನ ಒಳ್ಳೆಯದು, ಸೆಟ್ಟಿಂಗ್ ಮಾತ್ರ ಇದ್ದ ಹಾಗೇ ಬಿಡಬೇಡಿ

ಮೂಡಲ್ ಅಂದರೆ ಶಾಲೆ ಕಾಲೇಜುಗಳು ಆನ್‌ಲೈನ್‌ನಲ್ಲಿ ಪಾಠ ನಡೆಸಲು ಬಳಸುವ ತಂತ್ರಾಂಶ. ಅದರಲ್ಲಿ ಏನೇನೋ ಇದೆ. ಪಾಠ ಹಾಕಬಹುದು, ಚರ್ಚೆ ನಡೆಸಬಹುದು, ಹೋಮ್‌ವರ್ಕ್ ತೆಗೆದುಕೊಳ್ಳಬಹುದು. ಅದನ್ನೆಲ್ಲ ಬಿಟ್ಟು ಇಲ್ಲಿ ಅದರ ಕ್ವಿಜ್ ಒಂದನ್ನೇ ನೋಡುತ್ತೇನೆ. ಕಲಿಕೆಗೆ ಒಳ್ಳೆಯದಾಗುವುದೂ ಅಲ್ಲೇ, ಕೆಡುವುದೂ ಅಲ್ಲೇ. ಪಾಠ ಮಾಡುವವರಿಗೆ ಬೇಕಾಗಿರುವುದು ಒಂದೇ ವಿಷಯ: ಟೆಸ್ಟ್ ಬರೆದು ಎದ್ದ ಮೇಲೆ ವಿದ್ಯಾರ್ಥಿಗೆ ಪಾಠ ಮೊದಲಿಗಿಂತ ಚೆನ್ನಾಗಿ ತಿಳಿದಿದೆಯಾ, ಇಲ್ಲ ಸುಮ್ನೆ ಒಂದು ಮಾರ್ಕ್ಸ್ ಬಂದಿದೆಯಾ?

ಮೂಡಲ್‌ನಲ್ಲಿ ಎರಡೂ ಆಗುತ್ತದೆ. ಪ್ರಶ್ನೆಗಳು ಅವೇ, ತರಗತಿ ಅದೇ, ಸೆಟ್ಟಿಂಗ್ ಪುಟದಲ್ಲಿ ಎರಡು ಮೂರು ಟಿಕ್ ಬದಲಾದರೆ ಸಾಕು, ಹುಡುಗರು ಓದುವ ರೀತಿಯೇ ಬದಲಾಗುತ್ತದೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮೂಡಲ್ ಶುರು ಮಾಡಿದವರು ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್, ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಇದು ಮುಕ್ತ ತಂತ್ರಾಂಶ, ತಂತ್ರಾಂಶಕ್ಕೆ ದುಡ್ಡಿಲ್ಲ. ಆದರೆ ಸರ್ವರ್ ಬೇಕು, ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ಪುಕ್ಕಟೆ ಅಂದುಕೊಂಡು ಹಾರಬೇಡಿ.

ಈಗ ಮುಖ್ಯ ಮಾತು. ಹೊಸ ಕ್ವಿಜ್ ಮಾಡಿ ಯಾವುದನ್ನೂ ಮುಟ್ಟದೆ ಉಳಿಸಿದರೆ (ಸೈಟ್ ನೋಡಿಕೊಳ್ಳುವವರು ಮೊದಲೇ ಬದಲಿಸಿರದಿದ್ದರೆ) ಸಾಮಾನ್ಯವಾಗಿ ಹೀಗಿರುತ್ತದೆ: ಎಷ್ಟು ಸಲ ಬೇಕಾದರೂ ಬರೆಯಬಹುದು, ಅದರಲ್ಲಿ ಜಾಸ್ತಿ ಬಂದ ಅಂಕವೇ ಲೆಕ್ಕಕ್ಕೆ, ಸಬ್ಮಿಟ್ ಮಾಡಿದ ಕೂಡಲೇ ಸರಿ ಉತ್ತರವೂ ಕಾಣುತ್ತದೆ. ಒಂದೊಂದಾಗಿ ನೋಡಿದರೆ ಮೂರೂ ಉದಾರವಾದ ಸೆಟ್ಟಿಂಗ್‌ಗಳೇ. ಮೂರೂ ಸೇರಿದರೆ? ಹುಡುಗರಿಗೆ ದಾರಿ ಹೊಳೆಯಲು ಹೊತ್ತೇನೂ ಬೇಕಾಗಿಲ್ಲ. ಮೊದಲ ಸಲ ಏನೂ ಬರೆಯದೆ ಖಾಲಿ ಸಬ್ಮಿಟ್. ಪರದೆ ತುಂಬ ಸರಿ ಉತ್ತರ. ಒಂದು ಫೋಟೊ. ಎರಡನೇ ಸಲ ಅದನ್ನು ನೋಡಿಕೊಂಡು ಒತ್ತುತ್ತಾ ಹೋದರೆ ಪೂರ್ತಿ ಅಂಕ. ಇದಕ್ಕೆ ಹುಡುಗರನ್ನು ಬೈದು ಪ್ರಯೋಜನವಿಲ್ಲ, ಟೆಸ್ಟ್ ಯಾವುದಕ್ಕೆ ಅಂಕ ಕೊಡುತ್ತದೋ ಅದನ್ನೇ ಅವರು ಮಾಡುತ್ತಾರೆ. ಆ ಸೆಟ್ಟಿಂಗ್‌ನಲ್ಲಿ ಅಂಕ ಸಿಗುತ್ತಿರುವುದು ಫೋಟೊ ತೆಗೆದದ್ದಕ್ಕೆ.

ಸರಿ ಮಾಡುವುದು ಕಷ್ಟವಲ್ಲ. 'ರಿವ್ಯೂ ಆಪ್ಶನ್ಸ್' ಅಂತ ಒಂದು ಭಾಗವಿದೆ. ಅಲ್ಲಿ ನಾಲ್ಕು ಕಾಲ: ಬರೆಯುವಾಗ, ಬರೆದ ಕೂಡಲೇ, ಆಮೇಲೆ ಕ್ವಿಜ್ ಇನ್ನೂ ತೆರೆದಿರುವಾಗ, ಕ್ವಿಜ್ ಮುಚ್ಚಿದ ನಂತರ. ಪ್ರತಿ ಕಾಲಕ್ಕೂ ಏನು ಕಾಣಬೇಕು ಅನ್ನುವುದಕ್ಕೆ ಬೇರೆ ಬೇರೆ ಟಿಕ್. ಮೂಡಲ್ ಕ್ವಿಜ್‌ನ ಜೀವ ಇರುವುದೇ ಇಲ್ಲಿ, ಆದರೂ ಈ ಭಾಗವನ್ನು ಬಿಚ್ಚಿಯೂ ನೋಡದೆ ವರ್ಷಗಟ್ಟಲೆ ಕ್ವಿಜ್ ನಡೆಸುವವರಿದ್ದಾರೆ. ಸರಿ ಉತ್ತರದ ಟಿಕ್ ಅನ್ನು ಕೊನೆಯ ಕಾಲಕ್ಕೆ ಮಾತ್ರ ಇಡಿ. ಎರಡು ಯತ್ನಗಳ ನಡುವೆ ಇಷ್ಟು ಹೊತ್ತು ಕಾಯಬೇಕು ಅಂತಲೂ ಹಾಕಬಹುದು. ಪ್ರಶ್ನೆಬ್ಯಾಂಕಿನಿಂದ ಪ್ರತಿ ಸಲ ಬೇರೆ ಪ್ರಶ್ನೆ ಎತ್ತಿಕೊಳ್ಳುವಂತೆಯೂ ಮಾಡಬಹುದು. ಇಷ್ಟಾದರೆ ಫೋಟೊದಿಂದ ಏನೂ ಉಪಯೋಗವಿಲ್ಲ.

ಸಲ ಸಲ ಟೆಸ್ಟ್ ಕೊಡುವುದು ಮಕ್ಕಳಿಗೆ ಹೊರೆ ಅಲ್ವಾ ಅಂತ ಕೇಳುವವರಿದ್ದಾರೆ. ದೊಡ್ಡ ಅಂಕ ತಗುಲಿಸಿದರೆ ಹೊರೆಯೇ. ಅಂಕದ ಭಾರ ಕಡಿಮೆ ಮಾಡಿ ನೋಡಿ, ಟೆಸ್ಟ್‌ನಷ್ಟು ಚೆನ್ನಾಗಿ ಕಲಿಸುವ ಸಾಧನ ಕಡಿಮೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಸಂಶೋಧಕರು ಇದನ್ನು ಪರೀಕ್ಷಿಸಿದರು. ಎಲ್ಲರೂ ಒಂದು ಪಠ್ಯ ಓದುತ್ತಾರೆ. ಆಮೇಲೆ ಕೆಲವರು ಅದನ್ನೇ ಮತ್ತೆ ಓದುತ್ತಾರೆ, ಕೆಲವರು ನೆನಪಿರುವುದನ್ನೆಲ್ಲ ಖಾಲಿ ಹಾಳೆಯಲ್ಲಿ ಬರೆಯುತ್ತಾರೆ. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ, 81 ಶೇಕಡಾ, ಬರೆದವರದು 75. ಒಂದು ವಾರ ಬಿಟ್ಟು ಕೇಳಿದಾಗ ತಿರುಗಾಮುರುಗಾ: ಮತ್ತೆ ಓದಿದವರಿಗೆ ನೆನಪಿದ್ದದ್ದು 42 ಶೇಕಡಾ, ಬರೆದವರಿಗೆ 56. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವುದು ಮರುದಿನಕ್ಕೆ ಯಾಕೆ ಸಾಕಾಗುತ್ತದೆ, ಆಮೇಲೆ ಯಾಕೆ ಉಳಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ವಿವರಣೆ ನಾನು ನೋಡಿಲ್ಲ.

ಆದರೆ ಅವರು ಬರೆದದ್ದು ಖಾಲಿ ಹಾಳೆಯಲ್ಲಿ. ನಾಲ್ಕು ಆಯ್ಕೆ ಕೊಟ್ಟು ಒಂದಕ್ಕೆ ಟಿಕ್ ಹಾಕಿ ಅನ್ನಲಿಲ್ಲ. ಮೂಡಲ್‌ನಲ್ಲಿ ಬಹು ಆಯ್ಕೆಯ ಪ್ರಶ್ನೆ ಮಾಡುವುದು ಸುಲಭ, ಹಾಗಾಗಿ ಎಲ್ಲರೂ ಅದನ್ನೇ ಮಾಡುತ್ತಾರೆ. ಅಲ್ಲಿ ನೆನಪಿಸಿಕೊಳ್ಳುವ ಕೆಲಸ ಕಡಿಮೆ, ನೋಡಿ ಗುರುತಿಸುವುದು ಜಾಸ್ತಿ. ಇನ್ನೊಂದು ತೊಂದರೆಯೂ ಇದೆ. ತಪ್ಪು ಆಯ್ಕೆಯನ್ನು ಓದಿ, ಅದನ್ನೇ ಆರಿಸಿ, ಯಾರೂ ತಿದ್ದದೆ ಬಿಟ್ಟರೆ ಆ ತಪ್ಪೇ ಮನಸ್ಸಿನಲ್ಲಿ ಉಳಿದುಕೊಳ್ಳಬಹುದು. ಇದೂ ಸಂಶೋಧನೆಯಲ್ಲಿ ಕಂಡದ್ದೇ. ಹಾಗಂತ ಬಹು ಆಯ್ಕೆಯೇ ಬೇಡ ಅನ್ನುವುದಿಲ್ಲ. ಪ್ರತಿ ತಪ್ಪು ಆಯ್ಕೆಗೂ ಒಂದು ಮಾತು ಬರೆದಿಡಿ ಅನ್ನುತ್ತೇನೆ. ಅದಕ್ಕೆ ಮೂಡಲ್‌ನಲ್ಲಿ ಪ್ರತಿ ಆಯ್ಕೆಯ ಕೆಳಗೆ ಒಂದು ಡಬ್ಬಿಯೇ ಇದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ.

ಒಂದು ಪ್ರಶ್ನೆ ತೆಗೆದುಕೊಳ್ಳೋಣ. 1/2 + 1/3 ಎಷ್ಟು? ಆಯ್ಕೆಗಳು: 5/6, 2/5, 1/6, 2/6. ಇಲ್ಲಿ 2/5 ಸುಮ್ನೆ ತುಂಬಿಸಲು ಹಾಕಿದ ಸಂಖ್ಯೆ ಅಲ್ಲ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದ ವಿದ್ಯಾರ್ಥಿ ನೇರವಾಗಿ ಬಂದು ನಿಲ್ಲುವುದು ಅಲ್ಲೇ. 1/6 ಆರಿಸಿದವರು ಕೂಡಿಸುವ ಬದಲು ಗುಣಿಸಿದ್ದಾರೆ. ಅಂದರೆ ಯಾವ ತಪ್ಪು ಉತ್ತರ ಅನ್ನುವುದರಲ್ಲೇ ತಪ್ಪಿನ ಕಾರಣವೂ ಇದೆ. 2/5ರ ಡಬ್ಬಿಯಲ್ಲಿ ನಾನು ಹೀಗೆ ಬರೆಯುತ್ತೇನೆ: "2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬರಲು ಸಾಧ್ಯವಾ? ಎರಡನ್ನೂ ಆರನೇ ಭಾಗಗಳಾಗಿ ಬರೆದು ನೋಡಿ." ಉತ್ತರ ಹೇಳಿಲ್ಲ, ಆದರೆ ಯೋಚಿಸಲು ಒಂದು ಹಿಡಿ ಸಿಕ್ಕಿತು. ಬರೀ 'ತಪ್ಪು' ಅಂತ ಕೆಂಪು ಗುರುತು ಬಂದಿದ್ದರೆ ಅದೇ ಹುಡುಗ ಉಳಿದ ಮೂರರಲ್ಲಿ ಒಂದನ್ನು ಕಣ್ಣುಮುಚ್ಚಿ ಒತ್ತುತ್ತಿದ್ದ.

ಇದಕ್ಕೆ ಹೊಂದುವ ಮೋಡ್ 'ಇಂಟರಾಕ್ಟಿವ್ ವಿತ್ ಮಲ್ಟಿಪಲ್ ಟ್ರೈಸ್'. ಡೀಫಾಲ್ಟ್ ಆಗಿ (ನಾವು ಏನೂ ಬದಲಿಸದಿದ್ದರೆ) ಬರುವುದು 'ಡಿಫರ್ಡ್ ಫೀಡ್‌ಬ್ಯಾಕ್', ಅದರಲ್ಲಿ ಎಲ್ಲ ಮುಗಿಸಿ ಸಬ್ಮಿಟ್ ಮಾಡಿದ ಮೇಲಷ್ಟೇ ಮಾತು. ಇಂಟರಾಕ್ಟಿವ್‌ನಲ್ಲಿ ಪ್ರಶ್ನೆ ಕಣ್ಣ ಮುಂದೆ ಇರುವಾಗಲೇ 'ಚೆಕ್' ಒತ್ತಬಹುದು, ಸುಳಿವು ಬರುತ್ತದೆ, ಮತ್ತೆ ಯತ್ನಿಸಬಹುದು. ಪ್ರತಿ ತಪ್ಪಿಗೆ ಮೂರನೇ ಒಂದು ಭಾಗ ಅಂಕ ಕಡಿತ, ಅದನ್ನೂ ಬದಲಿಸಬಹುದು. ಅಭ್ಯಾಸದ ಕ್ವಿಜ್ ಆದರೆ ಕಡಿತ ಸೊನ್ನೆ ಮಾಡಿ ಅನ್ನುವುದು ನನ್ನ ಅಭಿಪ್ರಾಯ. ತಪ್ಪಿ ತಿದ್ದಿಕೊಂಡವರಿಗೆ ದಂಡ ಯಾಕೆ? ನಾಲ್ಕು ಆಯ್ಕೆಗೆ ಮೂರು ಯತ್ನ ಕೊಟ್ಟರೆ ಊಹೆ ಮಾಡಿ ಗೆಲ್ಲಬಹುದು ಅನ್ನುವುದು ನಿಜ, ಹಾಗಾಗಿ ಎರಡೇ ಯತ್ನ ಸಾಕು. ಸರಿ/ತಪ್ಪು ಮಾದರಿಯ ಪ್ರಶ್ನೆಗೆ ಈ ಮೋಡ್ ಪ್ರಯೋಜನಕ್ಕಿಲ್ಲ.

ಅಂಕ ಮರೆಮಾಡುವ ಟಿಕ್ ಬಗ್ಗೆ ಹೇಳಲೇಬೇಕು. ರೂತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನವೊಂದಿದೆ. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಬರಹದ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಚೆನ್ನಾಗಿ ಮಾಡಿದ್ದು ಟಿಪ್ಪಣಿ ಮಾತ್ರ ಸಿಕ್ಕವರು. ಎರಡೂ ಕೊಟ್ಟರೆ ಇನ್ನೂ ಒಳ್ಳೆಯದಾಗಬೇಕಿತ್ತು ಅಲ್ವಾ? ಹಾಗಾಗಲಿಲ್ಲ, ಪಕ್ಕದಲ್ಲಿ ಅಂಕ ಇದ್ದಾಗ ಟಿಪ್ಪಣಿಯ ಲಾಭವೂ ಹೋಯಿತು. ತರಗತಿಯಲ್ಲಿ ಉತ್ತರಪತ್ರಿಕೆ ಹಂಚಿದವರಿಗೆಲ್ಲ ಇದು ಗೊತ್ತು. ಮೊದಲು ಮೂಲೆಯಲ್ಲಿರುವ ಸಂಖ್ಯೆ ನೋಡುತ್ತಾರೆ, ಆಮೇಲೆ ಪಕ್ಕದವರ ಸಂಖ್ಯೆ, ಅಷ್ಟೇ, ಹಾಳೆ ಬ್ಯಾಗಿಗೆ ಹೋಯಿತು. ರಾತ್ರಿ ಕೂತು ಬರೆದ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ. ಮೂಡಲ್‌ನಲ್ಲಿ ಅಂಕದ ಟಿಕ್ ತೆಗೆದು, ಟಿಪ್ಪಣಿಯ ಟಿಕ್ ಉಳಿಸಿ, ಕ್ವಿಜ್ ಮುಚ್ಚಿದ ಮೇಲೆ ಅಂಕ ಕಾಣುವಂತೆ ಇಡಬಹುದು. ಅದಕ್ಕೆ ಕ್ವಿಜ್ ಮುಗಿಯುವ ದಿನಾಂಕ ಹಾಕಿರಬೇಕು. ಕಾಗದದ ಮೇಲೆ ಇದನ್ನು ಮಾಡಲು ಹರಸಾಹಸ ಪಡಬೇಕು, ಇಲ್ಲಿ ಒಂದು ಟಿಕ್. ಮೂಡಲ್‌ಗೆ ನಾನು ಜಾಸ್ತಿ ಅಂಕ ಕೊಡುವುದು ಇದಕ್ಕೇ.

ಇದಕ್ಕೆ ಎದುರಾಗಿ 'ಓವರಾಲ್ ಫೀಡ್‌ಬ್ಯಾಕ್' ಅನ್ನುವುದು ನನಗೆ ಇಷ್ಟವಿಲ್ಲ. ಇಷ್ಟು ಶೇಕಡಾದ ಮೇಲೆ ಬಂದರೆ 'ಶಭಾಷ್', ಕೆಳಗೆ ಬಂದರೆ 'ಇನ್ನೂ ಶ್ರಮ ಬೇಕು' ಅಂತ ತಾನಾಗಿ ತೋರಿಸುವ ಸೌಲಭ್ಯ. 1996ರಲ್ಲಿ ಕ್ಲೂಗರ್ ಮತ್ತು ಡಿನೀಸಿ ಅನ್ನುವ ಸಂಶೋಧಕರು ಫೀಡ್‌ಬ್ಯಾಕ್ ಬಗ್ಗೆ ಹಿಂದೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ, ಮೂರನೇ ಒಂದಕ್ಕಿಂತ ಜಾಸ್ತಿ ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಕೊಟ್ಟದ್ದರಿಂದ ಸಾಧನೆ ಕೆಳಗಿಳಿದಿತ್ತು. ಮಾತು ಕೆಲಸದ ಮೇಲಿಂದ ಜಾರಿ ಮನುಷ್ಯನ ಮೇಲೆ ಹೋದಾಗ ಹೀಗಾಗುವುದು ಜಾಸ್ತಿ ಅನ್ನುವುದು ಅವರ ವಿವರಣೆ. 'ಇನ್ನೂ ಶ್ರಮ ಬೇಕು' ಅಂದರೆ ಏನು ಮಾಡಬೇಕು ಅಂತ ಆ ಮಗುವಿಗೆ ತಿಳಿಯುವುದಾದರೂ ಹೇಗೆ? ಆ ಡಬ್ಬಿಯಲ್ಲಿ ಏನಾದರೂ ಬರೆಯಲೇಬೇಕಿದ್ದರೆ ಯಾವ ಭಾಗ ಮತ್ತೆ ಓದಬೇಕು ಅನ್ನುವುದನ್ನು ಬರೆಯಿರಿ.

'ಸರ್ಟೆಂಟಿ ಬೇಸ್ಡ್ ಮಾರ್ಕಿಂಗ್' ಅನ್ನುವ ಇನ್ನೊಂದು ಮೋಡ್ ಇದೆ, ಬಳಸುವವರು ಬಹಳ ಕಡಿಮೆ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಟೋನಿ ಗಾರ್ಡ್ನರ್-ಮೆಡ್ವಿನ್ ಬೆಳೆಸಿದ ಪದ್ಧತಿ ಇದು. ಉತ್ತರದ ಜೊತೆಗೆ ಎಷ್ಟು ಖಾತ್ರಿ ಅಂತಲೂ ಹೇಳಬೇಕು. ಕಡಿಮೆ ಖಾತ್ರಿ ಅಂದರೆ ಸರಿಗೆ 1, ತಪ್ಪಿಗೆ 0. ಮಧ್ಯಮ ಅಂದರೆ 2, ತಪ್ಪಿದರೆ −2. ಪೂರ್ತಿ ಖಾತ್ರಿ ಅಂದರೆ 3, ತಪ್ಪಿದರೆ −6. ಲೆಕ್ಕ ಹಾಕಿ ನೋಡಿ, ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ ನಂಬಿಕೆ ಇದ್ದರೆ ಕೆಳಗಿನ ಹಂತ ಆರಿಸುವುದೇ ಲಾಭ, 80 ಶೇಕಡಾ ದಾಟಿದರೆ ಮಾತ್ರ ಮೇಲಿನದು. ಅಂದರೆ ಇದ್ದದ್ದನ್ನು ಇದ್ದಂತೆ ಹೇಳಿದವರಿಗೇ ಜಾಸ್ತಿ ಅಂಕ. ಊಹೆ ಹೊಡೆದು ಸರಿ ಬಂದದ್ದಕ್ಕೂ ತಿಳಿದು ಬರೆದದ್ದಕ್ಕೂ ಮಾಮೂಲಿ ಟೆಸ್ಟ್‌ನಲ್ಲಿ ಒಂದೇ ಅಂಕ, ಇಲ್ಲಿ ಅವೆರಡೂ ಬೇರೆಯಾಗುತ್ತವೆ. ನೂರಕ್ಕೆ ನೂರು ಖಚಿತ ಅಂದುಕೊಂಡು ತಪ್ಪಿದಾಗ ಬೀಳುವ ಪೆಟ್ಟು ಜೋರು, ಆದರೆ ಅಂಥ ತಪ್ಪನ್ನು ತಿದ್ದಿದ ಮೇಲೆ ಅದು ಚೆನ್ನಾಗಿ ನೆನಪಿರುತ್ತದೆ. ಒಂದೇ ಎಚ್ಚರಿಕೆ: ಮೊದಲು ಲೆಕ್ಕಕ್ಕಿಲ್ಲದ ಕ್ವಿಜ್‌ನಲ್ಲಿ ರೂಢಿ ಮಾಡಿಸಿ. ಏಕಾಏಕಿ ದೊಡ್ಡ ಟೆಸ್ಟ್‌ನಲ್ಲಿ −6 ಕಂಡರೆ ಯಾರಿಗಾದರೂ ಕೈ ನಡುಗುತ್ತದೆ.

ಶಿಕ್ಷಕರಿಗಾಗಿ ಇರುವ ಅಂಕಿಅಂಶದ ವರದಿ ಬಹಳ ಉಪಯುಕ್ತ. 'ಫೆಸಿಲಿಟಿ ಇಂಡೆಕ್ಸ್' ಅಂದರೆ ಆ ಪ್ರಶ್ನೆಯಲ್ಲಿ ತರಗತಿಯ ಸರಾಸರಿ. ಪಾಠ ಆದ ಮೇಲೂ ಒಂದು ಪ್ರಶ್ನೆಗೆ ಅದು 30 ಶೇಕಡಾ ಬಂದರೆ ಮಕ್ಕಳನ್ನು ದೂರುವ ಮೊದಲು ಪಾಠವನ್ನು ಮತ್ತೊಮ್ಮೆ ನೋಡಬೇಕು. 'ಡಿಸ್ಕ್ರಿಮಿನೇಷನ್ ಇಂಡೆಕ್ಸ್' ಮೈನಸ್ ಬಂದರೆ, ಒಟ್ಟಾರೆ ಚೆನ್ನಾಗಿ ಬರೆದವರೇ ಆ ಪ್ರಶ್ನೆಯಲ್ಲಿ ಎಡವಿದ್ದಾರೆ ಅಂತ ಅರ್ಥ. ಸಾಮಾನ್ಯವಾಗಿ ಕಾರಣ ಕೀಲಿ ಉತ್ತರ ತಪ್ಪಾಗಿರುವುದು, ಇಲ್ಲ ಪ್ರಶ್ನೆಯೇ ಗೊಂದಲದಲ್ಲಿರುವುದು. ವಿದ್ಯಾರ್ಥಿಗಳ ಕಲಿಕೆಯಷ್ಟೇ ನಾವು ಬರೆದ ಪ್ರಶ್ನೆಯೂ ಪರೀಕ್ಷೆಗೆ ಒಳಗಾಗಬೇಕು, ಈ ವರದಿ ಅದನ್ನು ಮಾಡಿಕೊಡುತ್ತದೆ.

ಕೊರತೆಗಳೂ ಇವೆ. ಸೆಟ್ಟಿಂಗ್ ಪುಟ ಉದ್ದೋಉದ್ದ, ಹೊಸಬರು ಕಂಗಾಲಾಗುತ್ತಾರೆ, ಕಂಗಾಲಾದವರು ಡೀಫಾಲ್ಟ್‌ನಲ್ಲೇ ಬಿಡುತ್ತಾರೆ, ಆಗ ಆಗುವುದು ಮೇಲೆ ಹೇಳಿದ ಫೋಟೊ ಕಥೆ. ಚಿಕ್ಕ ಉತ್ತರದ ಪ್ರಶ್ನೆಯಲ್ಲಿ ನೀವು ಕೊಟ್ಟ ಉತ್ತರಕ್ಕೆ ಅಕ್ಷರಶಃ ಹೊಂದಬೇಕು. ಕಾಗುಣಿತ ತಪ್ಪಿದರೆ, ಆ ರೂಪವನ್ನೂ ನೀವು ಮೊದಲೇ ಸೇರಿಸಿರದಿದ್ದರೆ, ಸೊನ್ನೆ. ಪ್ರಬಂಧದ ಪ್ರಶ್ನೆಗೆ ನೀವೇ ಕೂತು ಓದಿ ಅಂಕ ಹಾಕಬೇಕು. ಅದನ್ನು ಕೊರತೆ ಅನ್ನಲು ನನಗೆ ಮನಸ್ಸಿಲ್ಲ, ಒಂದು ಮಗು ನಾಲ್ಕು ಸಾಲಿನಲ್ಲಿ 'ಯಾಕೆ' ಅಂತ ವಿವರಿಸಿದ್ದನ್ನು ಯಾರಾದರೂ ಓದಲೇಬೇಕು. ಸಮಯದ ಮಿತಿ ಹಾಕುವುದಿದ್ದರೆ ಕಾರಣ ಇರಲಿ. ವೇಗ ಅಳೆಯುವ ಉದ್ದೇಶ ಇಲ್ಲದ ಕಡೆ ಗಡಿಯಾರ ಓಡಿಸಿದರೆ, ನಿಧಾನವಾಗಿ ಯೋಚಿಸುವವರ ತಿಳಿವಳಿಕೆ ಕಾಣದೇ ಹೋಗುತ್ತದೆ.

ಮನೆಯಲ್ಲಿ ಕೂತು ಬರೆಯುವ ಕ್ವಿಜ್ ಮೇಲೆ ಪಾಸು ಫೇಲು ತೀರ್ಮಾನ ಮಾಡಲು ಇದನ್ನು ಬಳಸುವುದಾದರೆ ನನ್ನ ಸಲಹೆ 'ಬೇಡ' ಅಂತಲೇ. ನೋಡಿ ಬರೆಯುವುದನ್ನು ತಡೆಯಲು ಎಷ್ಟೇ ಬೀಗ ಹಾಕಿದರೂ ಪಕ್ಕದಲ್ಲಿ ಇನ್ನೊಂದು ಫೋನ್ ಇರುತ್ತದೆ. ವಾರವಾರದ ಅಭ್ಯಾಸಕ್ಕೆ, ಹಳೆಯ ಪಾಠದ ಪ್ರಶ್ನೆಗಳನ್ನು ಹೊಸದರ ಜೊತೆ ಬೆರೆಸಿ ಕೊಡುವುದಕ್ಕೆ, ಎಲ್ಲಿ ಎಡವುತ್ತಿದ್ದಾರೆ ಅಂತ ಪರೀಕ್ಷೆಗೆ ಮೊದಲೇ ತಿಳಿಯುವುದಕ್ಕೆ ಆದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಡೀಫಾಲ್ಟ್‌ಗಾಗಿ. ಶುರುವಿನಲ್ಲೇ ನೂರು ಪ್ರಶ್ನೆಯ ಬ್ಯಾಂಕ್ ಕಟ್ಟಲು ಹೋಗಬೇಡಿ. ಮುಂದಿನ ಪಾಠಕ್ಕೆ ಐದೇ ಪ್ರಶ್ನೆ ಬರೆಯಿರಿ, ಪ್ರತಿ ತಪ್ಪು ಆಯ್ಕೆಯ ಡಬ್ಬಿ ತುಂಬಿಸಿ, ಅಂಕದ ಟಿಕ್ ತೆಗೆಯಿರಿ, ಮರುದಿನ ತರಗತಿಯಲ್ಲಿ ಮಕ್ಕಳು ಏನು ಕೇಳುತ್ತಾರೆ ಅಂತ ಗಮನಿಸಿ.